ಹೆಣಿಗೆ ಕಟ್ಟೆ: ಸ್ವೆಟರಿಗೆ ಕತ್ತರಿ ಹಾಕಿದರೆ ಬಿಚ್ಚಿಹೋಗಲ್ವಾ?

ಎರಡು ಸಂಚಿಕೆ ಹಿಂದೆ ಒಂದು ಸಾಲು ಬರೆದಿದ್ದೆ. ಬೇರೆ ದೇಶಗಳ ಹಳೇ ಸ್ವೆಟರ್ ಡಿಸೈನುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ. ಅಷ್ಟೇ ಸಾಕಾಯಿತು. ಈಗ ನನ್ನ ಉಲ್ಲನ್ ಬುಟ್ಟಿಯಲ್ಲಿ ಉಲ್ಲನ್‌ಗಿಂತ ಪತ್ರಗಳೇ ಜಾಸ್ತಿ. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಸಾಲದು. ನನಗೆ ಖುಷಿ ಕೊಟ್ಟ ಕೆಲವನ್ನು ಆರಿಸಿಕೊಂಡಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನೇನು ಹೆಣಿಗೆಯ ಪಂಡಿತೆ ಅಲ್ಲ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ 31 ವರ್ಷ ಕೂತು ನಿವೃತ್ತಳಾದವಳು. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಬೆಳೆದು ಈಗ ಮೈಸೂರಿನಲ್ಲಿದ್ದೇನೆ. ಹತ್ತನೇ ವಯಸ್ಸಿಗೆ ಅಮ್ಮನ ಪಕ್ಕ ಕೂತು ಕಡ್ಡಿ ಹಿಡಿದೆ. ಆ ಕಡ್ಡಿಗಳೂ ಅಂಗಡಿಯವಲ್ಲ. ಅಪ್ಪನ ಸೈಕಲ್ಲಿನ ಹಳೇ ಸ್ಪೋಕುಗಳು, ತುದಿಯನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಿದ್ದು. ಈ ಸ್ಪೋಕಿನ ವಿಷಯ ಮುಂದೆ ಇನ್ನೊಂದು ಕಡೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಸ್ಟಿಚ್‌ಗೆ ನಾನು ಕುಣಿಕೆ ಅನ್ನುತ್ತೇನೆ, ಅಮ್ಮ ಹಾಗೇ ಅನ್ನುತ್ತಿದ್ದರು.

ಪ್ರಶ್ನೆ: ಅಕ್ಕಾ, ಐರ್ಲೆಂಡಿನ ಅರನ್ ಸ್ವೆಟರಿನಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಡಿಸೈನ್ ಇತ್ತಂತೆ. ಮೀನುಗಾರ ಮುಳುಗಿ ಸತ್ತರೆ ಸ್ವೆಟರ್ ನೋಡಿ ಗುರುತು ಹಿಡಿಯುತ್ತಿದ್ದರಂತೆ. ಹೌದಾ? ನಮ್ಮ ಮನೆತನಕ್ಕೂ ಒಂದು ಡಿಸೈನ್ ಮಾಡುವ ಆಸೆ. — ಶೋಭಾ, ಹಾಸನ

ಶೋಭಾ ಅವರೇ, ನಿಮ್ಮ ಆಸೆಗೆ ನಾನು ಅಡ್ಡ ಬರಲ್ಲ. ಆದರೆ ಆ ಕಥೆ ನಿಜವಲ್ಲ.

ನಾನೂ ನಂಬಿದ್ದವಳೇ. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಡಬ್ಲಿನ್‌ನಲ್ಲಿದ್ದೆ. ಮಗು ಮಲಗಿದ ಹೊತ್ತಿನಲ್ಲಿ ಅಂಗಡಿ ಸುತ್ತುವುದೇ ನನ್ನ ಕೆಲಸ. ಒಂದು ಅಂಗಡಿಯ ಗೋಡೆಗೆ ಪಟ್ಟಿ ತೂಗುಹಾಕಿದ್ದರು. ಈ ಮನೆತನಕ್ಕೆ ಈ ಡಿಸೈನ್, ಆ ಮನೆತನಕ್ಕೆ ಆ ಡಿಸೈನ್. ಅಂಗಡಿಯ ಹುಡುಗಿ ನಮ್ಮ ಮನೆತನದ ಹೆಸರು ಕೇಳಿದಳು. ಹೇಳಿದೆ. ಪಾಪ, ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು! ಊರಿಗೆ ಬಂದು ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳಿದ್ದೇ ಹೇಳಿದ್ದು. ಆಮೇಲೆ ಕೂತು ಓದಿದಾಗ ನಾಚಿಕೆಯಾಯಿತು.

ಮುಳುಗಿದವನ ಕಥೆಗೆ ಬೇರು ಒಂದು ನಾಟಕದಲ್ಲಿದೆ. ಐರ್ಲೆಂಡಿನ ನಾಟಕಕಾರ ಜೆ. ಎಂ. ಸಿಂಜ್ ಅರನ್ ದ್ವೀಪಗಳಲ್ಲಿ ಇದ್ದು ಬಂದು 'ರೈಡರ್ಸ್ ಟು ದ ಸೀ' ಬರೆದರು. 1904ರಲ್ಲಿ ಅದು ರಂಗಕ್ಕೆ ಬಂತು. ಅದರಲ್ಲಿ ಮುಳುಗಿ ಸತ್ತ ಅಣ್ಣನನ್ನು ಮನೆಯ ಹುಡುಗಿ ಗುರುತು ಹಿಡಿಯುತ್ತಾಳೆ. ಹೇಗೆ? ಸ್ವೆಟರಿನಿಂದಲ್ಲ, ಕಾಲುಚೀಲದಿಂದ. ಡಿಸೈನಿನಿಂದಲೂ ಅಲ್ಲ. ತಾನು 60 ಕುಣಿಕೆ ಹಾಕಿದ್ದೆ, ಅದರಲ್ಲಿ ನಾಲ್ಕು ಬಿಟ್ಟುಹೋಗಿತ್ತು ಅನ್ನುವ ಲೆಕ್ಕದಿಂದ. ನನಗೆ ಇದು ಮನೆತನದ ಡಿಸೈನಿಗಿಂತ ದೊಡ್ಡ ಗುರುತು ಅನ್ನಿಸುತ್ತದೆ. ನಾವು ಮಾಡಿದ ತಪ್ಪು ನಮಗೆ ಕತ್ತಲಲ್ಲೂ ಗೊತ್ತಾಗುತ್ತದೆ, ಅಲ್ವಾ?

ಪುರಾತನ ಅನ್ನುವ ಕಥೆಯನ್ನು ಬೆಳೆಸಿದವರು ಹೈನ್ಸ್ ಎಡ್ಗರ್ ಕೀವೆ ಅನ್ನುವವರು. ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ಇಟ್ಟಿದ್ದರು. 1930ರ ದಶಕದಲ್ಲಿ ಡಬ್ಲಿನ್‌ನಲ್ಲಿ ಒಂದು ಅರನ್ ಸ್ವೆಟರ್ ಕಂಡರು. ಅದರ ಜಡೆಯಂಥ ಹೆಣಿಗೆ ಐರ್ಲೆಂಡಿನ ಹಳೇ ಹಸ್ತಪ್ರತಿಗಳ ಚಿತ್ತಾರದ ಹಾಗೆ ಅವರಿಗೆ ಕಂಡಿತು. ಸಾವಿರ ವರ್ಷದ ಪರಂಪರೆ ಅಂತ ಬರೆದುಬಿಟ್ಟರು. ನಿಜ ನೋಡಿದರೆ ಈಗ ನಾವು ಅರನ್ ಅನ್ನುವ ಬಿಳಿ ಸ್ವೆಟರ್ ಹುಟ್ಟಿದ್ದು 1900ರ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ ಅಲ್ಲಿನ ಮೀನುಗಾರರು ಹಾಕುತ್ತಿದ್ದದ್ದು ಗ್ಯಾನ್ಸಿ ಅನ್ನುವ ಕಡುನೀಲಿ ಸ್ವೆಟರ್. ಸ್ಕಾಟ್ಲೆಂಡ್, ಇಂಗ್ಲೆಂಡಿನ ಕರಾವಳಿಯಲ್ಲೆಲ್ಲ ಇದ್ದ ಉಡುಪು ಅದು. ಗ್ಯಾನ್ಸಿಯ ಕೆಳ ಅಂಚಿನ ಮೇಲೆ ಕೆಲವರು ಹೆಸರಿನ ಮೊದಲ ಅಕ್ಷರ ಹೆಣೆಯುತ್ತಿದ್ದದ್ದು ಮಾತ್ರ ನಿಜ. ಗುರುತು ಬೇಕಿದ್ದರೆ ಅದೇ ಸಾಕಲ್ಲ.

ಕಥೆ ಬಿಡಿ, ಗ್ಯಾನ್ಸಿಯ ಬುದ್ಧಿ ನೋಡಿ. ಕಂಕುಳಲ್ಲಿ ವಜ್ರದಾಕಾರದ ಒಂದು ತುಂಡು ಸೇರಿಸುತ್ತಾರೆ. ಬಲೆ ಎಳೆಯಲು ಕೈ ಎತ್ತಿದರೆ ಸ್ವೆಟರ್ ಮೇಲಕ್ಕೆ ಬರಲ್ಲ. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯುತ್ತಾರೆ. ಮುಂಗೈ ಹತ್ತಿರ ಸವೆದರೆ ಅಲ್ಲಿಂದಷ್ಟೇ ಬಿಚ್ಚಿ ಹೊಸ ನೂಲಿನಲ್ಲಿ ಮತ್ತೆ ಹೆಣೆಯಬಹುದು. ಹಿಂದೆ ಮುಂದೆ ಎರಡೂ ಒಂದೇ ಥರ, ಹೇಗೆ ಹಾಕಿಕೊಂಡರೂ ಆದೀತು. ಶಾಲೆಗೆ ಹೋಗುವ ಮಗನಿಗೆ ಇದಕ್ಕಿಂತ ಒಳ್ಳೆ ಸ್ವೆಟರ್ ನಾನು ಕಂಡಿಲ್ಲ. ಮೊಣಕೈ, ಮುಂಗೈ ಬೇಗ ಸವೆಯುವುದು ಅವರಿಗೇ ತಾನೆ.

ನೀವು ಅರನ್ ಜಡೆಯನ್ನೇ ಹೆಣೆಯುವುದಾದರೆ ಎರಡು ಎಚ್ಚರಿಕೆ. ಜಡೆ ಅಗಲವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಾದಾ ಹೆಣಿಗೆಯ ಲೆಕ್ಕದಲ್ಲಿ ಕುಣಿಕೆ ಹಾಕಿದರೆ ಬಿಗಿಯಾಗುವುದು ಗ್ಯಾರಂಟಿ. ಜಡೆ ಸಮೇತ ಒಂದು ಮಾದರಿ ತುಂಡು ಹೆಣೆದು ಅಳೆಯಿರಿ. ಉಲ್ಲನ್ನನ್ನೂ ಕಾಲು ಭಾಗ ಜಾಸ್ತಿ ತನ್ನಿ, ಒಂದೇ ಸಲ ತನ್ನಿ. ಮತ್ತೆ ಹೋದರೆ ಅದೇ ಬಣ್ಣ ಸಿಕ್ಕಲ್ಲ. ಮನೆತನದ ಡಿಸೈನನ್ನು ನೀವೇ ಇವತ್ತಿನಿಂದ ಶುರು ಮಾಡಿ. ನೂರು ವರ್ಷ ಬಿಟ್ಟು ಯಾರಾದರೂ ಪುರಾತನ ಅಂದಾರು!

ಪ್ರಶ್ನೆ: ಅಕ್ಕಾರ, ಫೇರ್ ಐಲ್ ಸ್ವೆಟರಿನ ಫೋಟೊ ನೋಡಿ ಮಾಡಲಿಕ್ಕೆ ಕೂತೆ. ಐದು ಬಣ್ಣದ ಉಂಡೆ ಇಟ್ಟುಕೊಂಡೆ. ಎಲ್ಲಾ ಸಿಕ್ಕಾತು. ಹೆಣೆದದ್ದು ಸುಟ್ಟ ಹಪ್ಪಳದ ಹಾಂಗ ಮುದುಡಿ ಕೂತದ. — ಗಿರಿಜಾ, ಧಾರವಾಡ

ಗಿರಿಜಾ ಅವರೇ, ಹಪ್ಪಳದ ಮಾತು ಓದಿ ನಕ್ಕೆ. ನನ್ನ ಮೊದಲನೆಯದೂ ಹಾಗೇ ಆಗಿತ್ತು.

ಆ ಫೋಟೊವನ್ನೇ ಇನ್ನೊಮ್ಮೆ ತೆಗೆಯಿರಿ. ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು ಬಣ್ಣ ಎಣಿಸಿ. ಎರಡು. ಮೇಲಿನ ಸಾಲು? ಅದೂ ಎರಡೇ. ಗುಟ್ಟು ಇಷ್ಟೇ. ಇಡೀ ಸ್ವೆಟರಿನಲ್ಲಿ ಎಂಟು ಹತ್ತು ಬಣ್ಣ ಇರಬಹುದು. ಒಂದು ಸಾಲಿನಲ್ಲಿ ಮಾತ್ರ ಎರಡಕ್ಕಿಂತ ಜಾಸ್ತಿ ಇರಲ್ಲ. ಕೆಲವು ಸಾಲಿಗೊಮ್ಮೆ ಹಿನ್ನೆಲೆಯ ಬಣ್ಣ ಬದಲಿಸುತ್ತಾರೆ, ಆಮೇಲೆ ಚಿತ್ತಾರದ ಬಣ್ಣ ಬದಲಿಸುತ್ತಾರೆ. ನಮ್ಮ ಕಣ್ಣಿಗೆ ಬಣ್ಣದ ಸಂತೆ ಕಾಣುತ್ತದೆ, ಕೈಯಲ್ಲಿರುವುದು ಎರಡೇ ಎಳೆ.

ಫೇರ್ ಐಲ್ ಅನ್ನುವುದು ಒಂದು ಪುಟ್ಟ ದ್ವೀಪ. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ನಡುವೆ. ಉದ್ದ ಸುಮಾರು 5 ಕಿಲೋಮೀಟರ್. ನಮ್ಮ ಮನೆಯಿಂದ ಚಾಮುಂಡಿ ಬೆಟ್ಟದ ಬುಡಕ್ಕೆ ಹೋದಷ್ಟು. ಅಲ್ಲಿಯದೂ ಒಂದು ಕಥೆ ಇದೆ. 1588ರಲ್ಲಿ ಸ್ಪೇನಿನ ಯುದ್ಧನೌಕೆ ಒಂದು ಅಲ್ಲಿ ಬಂಡೆಗೆ ಬಡಿದು ಒಡೆಯಿತು, ಆ ನಾವಿಕರೇ ಈ ಚಿತ್ತಾರ ಕಲಿಸಿಹೋದರು ಅಂತ. ಹಡಗು ಒಡೆದದ್ದು ನಿಜ, 'ಎಲ್ ಗ್ರಾನ್ ಗ್ರಿಫೋನ್' ಅಂತ ಅದರ ಹೆಸರು. ಹೆಣಿಗೆ ಕಲಿಸಿದ್ದಕ್ಕೆ ಆಧಾರ ಇಲ್ಲ. ಬಟ್ಟೆ ಒದ್ದೆಯಾಗಿ ಜೀವ ಉಳಿಸಿಕೊಂಡು ದಡ ಹತ್ತಿದ ಗಂಡಸರು ಮೊದಲು ಊಟ ಕೇಳಿರುತ್ತಾರೆ, ಬಿಡಿ. ಈ ಸ್ವೆಟರಿಗೆ ಹೆಸರು ಬಂದದ್ದು 1920ರ ದಶಕದಲ್ಲಿ. ಮುಂದೆ ಎಂಟನೇ ಎಡ್ವರ್ಡ್ ಆದ ಯುವರಾಜ ಇದನ್ನು ತೊಟ್ಟು ಗಾಲ್ಫ್ ಆಡಿದ. ಆಮೇಲೆ ಎಲ್ಲರಿಗೂ ಬೇಕಾಯಿತು.

ಈಗ ನಿಮ್ಮ ಹಪ್ಪಳಕ್ಕೆ ಬರೋಣ. ಕೆಲಸವಿಲ್ಲದ ಬಣ್ಣದ ಎಳೆ ಹಿಂಬದಿಯಲ್ಲಿ ಅಡ್ಡ ಹಾಯುತ್ತದೆ. ನೀವು ಅದನ್ನು ಜಗ್ಗುತ್ತಿದ್ದೀರಿ. ಪ್ರತಿ ಸಲ ಬಣ್ಣ ಬದಲಿಸುವ ಮುಂಚೆ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ. ಆಮೇಲೆ ಹೊಸ ಬಣ್ಣ ತೆಗೆದುಕೊಳ್ಳಿ. ಹಿಂದಿನ ಎಳೆ ತಾನಾಗಿ ಸಡಿಲ ನಿಲ್ಲುತ್ತದೆ. ಒಂದು ಬಣ್ಣ ಐದು ಕುಣಿಕೆಗಿಂತ ಹೆಚ್ಚು ಹೊತ್ತು ಸುಮ್ನೆ ಕೂರಬಾರದು. ಕೂತರೆ ನಡುವೆ ಒಮ್ಮೆ ಇನ್ನೊಂದು ಎಳೆಯ ಜೊತೆ ಸುತ್ತಿಕೊಳ್ಳಿ. ಇಲ್ಲದಿದ್ದರೆ ಹಾಕಿಕೊಳ್ಳುವಾಗ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ. ಒಂದು ಉಂಡೆ ಎಡಗಡೆ, ಒಂದು ಬಲಗಡೆ ಇಟ್ಟರೆ ಸಿಕ್ಕೂ ಆಗಲ್ಲ. ಹಿಂದೆ ಅಡ್ಡ ಹಾಯ್ದ ಆ ಎಳೆಗಳೇ ಸ್ವೆಟರನ್ನು ಎರಡು ಪದರ ಮಾಡುವುದು. ಚೆಂದ ಎದುರಿಗೆ, ಬೆಚ್ಚಗೆ ಹಿಂದೆ.

ಐದು ಬಣ್ಣಕ್ಕೆ ಮುಂಚೆ ನಾರ್ವೆಯ ಹೇನಿನ ಸ್ವೆಟರ್ ಮಾಡಿ ಕೈ ಪಳಗಿಸಿಕೊಳ್ಳಿ. ತಮಾಷೆ ಅಲ್ಲ, ಅದರ ಹೆಸರೇ ಹಾಗೆ. ದಕ್ಷಿಣ ನಾರ್ವೆಯ ಸೆಟೆಸ್ಡಾಲ್ ಕಣಿವೆಯದು. ಲೂಸೆಕೊಫ್ಟೆ ಅನ್ನುತ್ತಾರೆ. ಲೂಸ್ ಅಂದರೆ ಹೇನು. ಕಪ್ಪು ಮೈ ತುಂಬ ಒಂದೊಂದೇ ಕುಣಿಕೆಯ ಬಿಳಿ ಚುಕ್ಕಿ. ಹಳೆಯವುಗಳಲ್ಲಿ ಸೊಂಟದ ಕೆಳಗಿನ ಭಾಗ ಪೂರಾ ಬಿಳಿ. ಅದು ಪ್ಯಾಂಟಿನ ಒಳಗೆ ಹೋಗುವುದು, ಯಾರಿಗೂ ಕಾಣಲ್ಲ, ಅದಕ್ಕೇಕೆ ಬಣ್ಣ ಹಾಕಿದ ನೂಲು ದಂಡ ಮಾಡಬೇಕು? ಈ ಉಳಿತಾಯ ನೋಡಿದಾಗ ನನಗೆ ನಮ್ಮಮ್ಮನೇ ಕಣ್ಣೆದುರು ಬಂದರು.

ಪ್ರಶ್ನೆ: ಸ್ವೆಟರನ್ನು ಕೊಳವೆಯ ಹಾಗೆ ಹೆಣೆದು, ಆಮೇಲೆ ಮುಂದುಗಡೆ ನಡುವೆ ಕತ್ತರಿಸಿ ಗುಂಡಿ ಹಾಕುತ್ತಾರೆ ಅಂತ ಓದಿದೆ. ನಮ್ಮ ಯಜಮಾನರಿಗೆ ಹೇಳಿದರೆ ತಲೆ ಸರಿ ಇದೆಯಾ ಅಂದರು. ಕತ್ತರಿಸಿದರೆ ಬಿಚ್ಚಿಹೋಗಲ್ವಾ? — ವಿಜಯಲಕ್ಷ್ಮಿ, ಪುತ್ತೂರು

ಬಿಚ್ಚಿಹೋಗುತ್ತದೆ. ಬಿಚ್ಚಿಹೋಗುವುದೂ ಇಲ್ಲ. ಯಾವ ನೂಲು ಅನ್ನುವುದರ ಮೇಲೆ.

ಮೊದಲು ಯಾಕೆ ಕತ್ತರಿಸುತ್ತಾರೆ ಕೇಳಿ. ಎರಡು ಬಣ್ಣದ ಹೆಣಿಗೆಯನ್ನು ಹೋಗಿ ಬಂದು ಮಾಡಿದರೆ ಅರ್ಧ ಸಾಲುಗಳು ಉಲ್ಟಾ, ಅಂದರೆ ಪರ್ಲ್. ಚಿತ್ತಾರ ಎದುರಿಗೆ ಕಾಣಲ್ಲ, ಕೈಯೂ ನಿಧಾನ. ತಿರುಗಿಸದೆ ಸುತ್ತಲೂ ಹೆಣೆಯುತ್ತಾ ಹೋದರೆ ಮುಖ ಯಾವಾಗಲೂ ನಮ್ಮ ಕಡೆಗೇ. ಅದಕ್ಕೆ ಶೆಟ್ಲೆಂಡಿನವರು ಕುತ್ತಿಗೆಯವರೆಗೂ ಕೊಳವೆಯಂತೆ ಹೆಣೆದುಬಿಡುತ್ತಾರೆ. ತೋಳು, ಮುಂದಿನ ತೆರಪು ಬರುವ ಕಡೆ ಏಳೆಂಟು ಕುಣಿಕೆ ಹೆಚ್ಚಿಗೆ ಹಾಕಿರುತ್ತಾರೆ. ಇದಕ್ಕೆ ಸ್ಟೀಕ್ ಅಂತ ಹೆಸರು. ಅದರ ನಡುವೆ ಕತ್ತರಿ ಆಡಿಸಿ, ಅಂಚನ್ನು ಒಳಕ್ಕೆ ಮಡಚಿ ಹೊಲಿಯುತ್ತಾರೆ.

ಶೆಟ್ಲೆಂಡಿನ ಕುರಿಯ ಉಣ್ಣೆ ಹೊಲಿಗೆ ಇಲ್ಲದೆಯೂ ನಿಲ್ಲುತ್ತದೆ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳು ಇರುತ್ತವೆ, ಮೀನಿನ ಪೊರೆಯ ಹಾಗೆ. ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಾಕಿ ಒಗೆದಷ್ಟೂ ಕಚ್ಚುತ್ತವೆ. ಮೇಲಾಗಿ ಕುಣಿಕೆಗಳು ಕೆಳಕ್ಕೆ ಓಡುತ್ತವೆಯೇ ಹೊರತು ಪಕ್ಕಕ್ಕೆ ಅಷ್ಟು ಸುಲಭಕ್ಕೆ ಬಿಚ್ಚಲ್ಲ. ಕತ್ತರಿ ಹೋಗುವುದು ಮೇಲಿನಿಂದ ಕೆಳಕ್ಕೆ ನೇರ, ಅದಕ್ಕೇ ಬಚಾವು.

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್, ಅಂದರೆ ಕೃತಕ ನೂಲು. ಅದಕ್ಕೆ ಪೊರೆ ಇಲ್ಲ, ನುಣುಪು. ಇದು ನನಗೆ ಹೇಗೆ ಗೊತ್ತು? ಮಗನಿಗೆ ಕಾಲೇಜಿಗೆ ಹಾಕಿಕೊಳ್ಳಲೆಂದು ಎರಡು ತಿಂಗಳು ಕೂತು ನೀಲಿ–ಬಿಳಿ ಕಾರ್ಡಿಗನ್ ಹೆಣೆದೆ. ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಹತ್ತು ಗಂಟೆಗೆ, ಕತ್ತರಿ ಹಾಕಿದೆ. ಮೆಷಿನ್ ಹೊಲಿಗೆ ಯಾಕೆ ಬೇಕು ಅನ್ನುವ ಕೊಬ್ಬು. ಅಂಚನ್ನು ಮಡಚಲು ಹಿಡಿದೆ ನೋಡಿ, ಒಂದೊಂದೇ ತುದಿ ಜಾರಿ ಕೈಗೆ ಬಂತು. ಮಗ ಬಾಗಿಲಲ್ಲಿ ನಿಂತು "ಅಮ್ಮ, ಚಳಿ ಏನೂ ಇಲ್ಲ, ಬಿಡು" ಅಂದ. ಆ ಸ್ವೆಟರಿನ ಬೆನ್ನು ಈಗ ನಮ್ಮ ಸೋಫಾದ ದಿಂಬಿನ ಕವರ್.

ನೀವು ನಾರ್ವೆಯವರ ದಾರಿ ಹಿಡಿಯಿರಿ. ಕತ್ತರಿಸುವ ಗೆರೆಯ ಎರಡೂ ಪಕ್ಕ ಹೊಲಿಗೆ ಮೆಷಿನ್ನಿನಲ್ಲಿ ಸಣ್ಣ ಟಾಕಿನ ಎರಡೆರಡು ಸಾಲು ಓಡಿಸಿ. ಆಮೇಲೆ ನಡುವೆ ಕತ್ತರಿಸಿ. ಅಕ್ರಿಲಿಕ್ ಆದರೂ ಜಾರಲ್ಲ. ಒಗೆದರೆ ಕುಗ್ಗದ ಹಾಗೆ ಸಂಸ್ಕರಿಸಿದ ಉಣ್ಣೆಗೂ ಇದೇ ಬೇಕು, ಅದರ ಪೊರೆಯನ್ನು ಮೊದಲೇ ನುಣುಪು ಮಾಡಿರುತ್ತಾರೆ. ಇಡೀ ಸ್ವೆಟರಿಗೆ ಮುಂಚೆ ಅಂಗೈ ಅಗಲದ ತುಂಡಿನ ಮೇಲೆ ಮಾಡಿ ನೋಡಿ. ಮಧ್ಯಾಹ್ನದ ಬೆಳಕಿನಲ್ಲಿ ಮಾಡಿ. ಯಜಮಾನರು ಮನೆಯಲ್ಲಿ ಇಲ್ಲದಾಗ ಮಾಡಿ.

ಪ್ರಶ್ನೆ: ಮೇಡಂ, ಇಂಟರ್ನೆಟ್ಟಿನ ಪ್ಯಾಟರ್ನ್ ಪ್ರಕಾರ 8ನೇ ನಂಬರ್ ಕಡ್ಡಿಯಲ್ಲೇ ಹೆಣೆದೆ. ಕುಣಿಕೆ ಒಂದೂ ತಪ್ಪಿಲ್ಲ. ನಮ್ಮವರಿಗೆ ಮಾಡಿದ್ದು ಎಂಟನೇ ಕ್ಲಾಸಿನ ಮಗನಿಗೆ ಸರಿಹೋಯಿತು. — ಮಂಜುಳಾ, ತುಮಕೂರು

ಮಗನಿಗಾದರೂ ಆಯಿತಲ್ಲ! ಪ್ಯಾಟರ್ನ್ ಅಮೆರಿಕದ್ದು ಇರಬೇಕು. ಅವರ 8 ಅಂದರೆ 5 ಮಿಲಿಮೀಟರ್ ದಪ್ಪ. ನಮ್ಮಲ್ಲಿ ಮೊದಲಿನಿಂದ ಬಂದದ್ದು ಬ್ರಿಟಿಷರ ನಂಬರ್, ಅದರಲ್ಲಿ 8 ಅಂದರೆ 4 ಮಿಲಿಮೀಟರ್. ಇನ್ನೂ ಮೋಜು ಅಂದರೆ ಅವರಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ, ನಮ್ಮಲ್ಲಿ ನಂಬರ್ ಏರಿದಂತೆ ಸಣ್ಣ. ನಂಬರ್ ಮರೆತುಬಿಡಿ, ಮಿಲಿಮೀಟರ್ ನೋಡಿ.

ಲೆಕ್ಕ ಹೀಗೆ. 10 ಸೆಂಟಿಮೀಟರಿಗೆ 20 ಕುಣಿಕೆ ಬರಬೇಕು ಅಂತ ಪ್ಯಾಟರ್ನ್ ಹೇಳಿದರೆ, 180 ಕುಣಿಕೆಗೆ ಎದೆ ಸುತ್ತಳತೆ 90 ಸೆಂಟಿಮೀಟರ್. ನಿಮ್ಮ ಕೈಯಲ್ಲಿ 23 ಬಂದರೆ ಅದೇ 180 ಕುಣಿಕೆ 78 ಸೆಂಟಿಮೀಟರ್. ಮೂರೇ ಕುಣಿಕೆ ಅಂತ ಬಿಟ್ಟರೆ ಅಪ್ಪನ ಸ್ವೆಟರ್ ಮಗನ ಪಾಲು. ಕ್ಯಾಶ್ ಕೌಂಟರಿನವಳ ಮಾತು ಕೇಳಿ, ಮೊದಲು ಎಣಿಸಿ.

ಪ್ರಶ್ನೆ: ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನಾವು ಸ್ವೆಟರ್ ಹೆಣೆದು ಯಾರಿಗೆ ಹಾಕಬೇಕು? — ನೂರ್‌ಜಹಾನ್, ಕಲಬುರಗಿ

ಹತ್ತಿಯಲ್ಲಿ ಹೆಣೆಯಿರಿ. ಹೆಣಿಗೆ ಅಂದರೆ ಚಳಿ ದೇಶದ್ದು, ಉಣ್ಣೆಯದ್ದು ಅಂತ ನಾವು ಅಂದುಕೊಂಡಿದ್ದೇವೆ. ಕಡ್ಡಿಯ ನಿಜವಾದ ಹೆಣಿಗೆಯ ಬಹಳ ಹಳೇ ತುಣುಕುಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ. ಮಧ್ಯಯುಗದ ಕಾಲುಚೀಲಗಳು, ಸುಮಾರು 11ರಿಂದ 14ನೇ ಶತಮಾನದವು. ನೀಲಿ ಬಿಳುಪಿನ ಹತ್ತಿ ನೂಲು. ಸಾಲಿಗೆ ಎರಡು ಬಣ್ಣ, ಮೇಲೆ ಗಿರಿಜಾ ಅವರಿಗೆ ಹೇಳಿದೆನಲ್ಲ, ಅದೇ ಲೆಕ್ಕ. ಕಲಬುರಗಿಯಷ್ಟೇ ಬಿಸಿಲಿನ ಊರು ಅದು. ಹತ್ತಿ ಉಣ್ಣೆಯ ಹಾಗೆ ಹಿಗ್ಗಿ ಕುಗ್ಗುವುದಿಲ್ಲ, ಭಾರ ಜಾಸ್ತಿ, ಆದ್ದರಿಂದ ತೋಳಿಲ್ಲದ ಸಣ್ಣ ಬನಿಯನ್ ಥರದ್ದು, ಕೂಸಿನ ಟೋಪಿ ಮಾಡಿ.

ಪ್ರಶ್ನೆ: ನಾನು ಹುಡುಗ, ವಯಸ್ಸು 26. ಅಜ್ಜಿ ಕಲಿಸಿದ್ದರು. ಹೆಣೆಯುವುದು ಇಷ್ಟ. ರೂಮಿನ ಗೆಳೆಯರು ಆಡಿಕೊಳ್ಳುತ್ತಾರೆ. ಅವರಿಗೆ ಏನು ಹೇಳಲಿ? — ಹೆಸರು ಬೇಡ, ಹುಬ್ಬಳ್ಳಿ

ತಮ್ಮಾ, ಅವರನ್ನು ಪೆರುವಿಗೆ ಕಳಿಸು. ಟಿಟಿಕಾಕಾ ಸರೋವರದ ನಡುವೆ ಟಾಕಿಲೆ ಅಂತ ಒಂದು ದ್ವೀಪ. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಮೇಲೆ. ಅಲ್ಲಿ ಹೆಣೆಯುವವರು ಗಂಡಸರು. ಹೆಂಗಸರು ನೇಯುತ್ತಾರೆ. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ, ನಡೆದಾಡುತ್ತಾ ಹೆಣೆಯುತ್ತಾರೆ. ಅವರ ಕಿವಿಮುಚ್ಚುವ ಟೋಪಿಗೆ ಚುಯ್ಯೊ ಅನ್ನುತ್ತಾರೆ. ಮದುವೆಯಾದವರದು ಪೂರ್ತಿ ಕೆಂಪು, ಆಗದವರ ಟೋಪಿಯಲ್ಲಿ ಬಿಳಿ ಭಾಗ ಇರುತ್ತದೆ. 2005ರಲ್ಲಿ ಯುನೆಸ್ಕೋ ಟಾಕಿಲೆಯ ನೇಯ್ಗೆ, ಹೆಣಿಗೆ ಕಲೆಯನ್ನು ಮನುಕುಲದ ಪರಂಪರೆ ಅಂತ ಗುರುತಿಸಿತು.

ಅವರ ಕಡ್ಡಿ ಬಹಳ ಸಣ್ಣ. ಸೈಕಲ್ ಸ್ಪೋಕಿನಲ್ಲೂ ಮಾಡಿಕೊಳ್ಳುತ್ತಾರೆ. ಓದಿದಾಗ ಅಮ್ಮನ ಕಡ್ಡಿಗಳನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ತೀರ್ಥಹಳ್ಳಿಗೂ ಟಾಕಿಲೆಗೂ ಎಲ್ಲಿಂದೆಲ್ಲಿಗೆ! ಹೆಣ್ಣಿನ ಅಪ್ಪ ಭಾವಿ ಅಳಿಯನ ಟೋಪಿಗೆ ನೀರು ಹುಯ್ದು, ಸೋರದಿದ್ದರೆ ಒಪ್ಪುತ್ತಾನೆ ಅಂತಲೂ ಹೇಳುತ್ತಾರೆ. ಈ ಕಥೆಯನ್ನೂ ಅರನ್ ಕಥೆಯ ಪಕ್ಕದಲ್ಲೇ ಇಡು. ಗೆಳೆಯರಿಗೆ ಮಾತ್ರ ಧೈರ್ಯವಾಗಿ ಹೇಳು. ಚಳಿಗಾಲದಲ್ಲಿ ಅವರೇ ಟೋಪಿ ಕೇಳಿಕೊಂಡು ಬಂದರೆ ದುಡ್ಡು ತಗೋ.

ಪ್ರಶ್ನೆ: ಐಸ್‌ಲ್ಯಾಂಡಿನ ಲೋಪಪೇಸ ಸ್ವೆಟರ್ ಕುರಿಯ ಉಣ್ಣೆಯದಂತೆ. ನಮ್ಮೂರಲ್ಲಿ ಕುರಿಗೇನು ಬರ? ಕಂಬಳಿ ನೂಲಿನಲ್ಲಿ ಮಾಡಬಹುದಾ? — ತಿಪ್ಪಮ್ಮ, ಚಳ್ಳಕೆರೆ

ತಿಪ್ಪಮ್ಮನವರೇ, ಈ ಸಲದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ನಿಮ್ಮದೇ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋದವಳು ನಾನು. ಅದರ ವಾಸನೆ ಇನ್ನೂ ಮೂಗಿನಲ್ಲಿದೆ.

ಐಸ್‌ಲ್ಯಾಂಡಿನ ಕುರಿಗೆ ಎರಡು ಥರದ ಕೂದಲು. ಹೊರಗಿನದು ಉದ್ದ, ಗಡಸು, ನೀರು ಜಾರಿಸುತ್ತದೆ. ಒಳಗಿನದು ಮೃದು, ಬೆಚ್ಚಗೆ. ಎರಡನ್ನೂ ಸೇರಿಸಿ ಹುರಿ ಹಾಕದೆ ಲೋಪಿ ಅನ್ನುವ ಎಳೆ ಮಾಡುತ್ತಾರೆ. ಅದಕ್ಕೇ ಆ ಸ್ವೆಟರ್ ದಪ್ಪ ಕಂಡರೂ ಹಗುರ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ನೇಯ್ದು, ಹುಣಸೆ ಬೀಜದ ಗಂಜಿ ಕುಡಿಸಿ ಕಂಬಳಿ ಮಾಡಲು ಹೇಳಿ ಮಾಡಿಸಿದ್ದು. ಕುತ್ತಿಗೆಗೆ ತಾಗಿದರೆ ಮಾತ್ರ ಚುಚ್ಚುತ್ತದೆ. ನಾನೊಮ್ಮೆ ಕಂಬಳಿ ನೂಲಿನಲ್ಲಿ ಮಫ್ಲರ್ ಹೆಣೆದೆ. ನಮ್ಮವರು ಒಂದು ದಿನ ಹಾಕಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿಬರಲಾ ಅಂದರು.

ಆದ್ದರಿಂದ ಮೊದಲು ಚೀಲ, ಕೂರುವ ಚಾಪೆ, ಅಂಗಿ ಮೇಲೆ ಹಾಕುವ ತೋಳಿಲ್ಲದ ಕೋಟು. ಕರಿ, ಬಿಳಿ, ಬೂದು, ಕುರಿಯ ಮೈಯ ಬಣ್ಣವೇ ಸಾಕು, ಬೇರೆ ಬಣ್ಣ ಬೇಡ. ಮರಿಯ ಮೊದಲ ಕತ್ತರಿಕೆಯ ಉಣ್ಣೆ ಸಿಕ್ಕರೆ ಬಿಡಬೇಡಿ, ಅದು ಮೆತ್ತಗೆ. ಲೋಪಪೇಸದ ಕ್ರಮವನ್ನು ಧಾರಾಳವಾಗಿ ಬಳಸಿ. ಮೈ ಒಂದು ಕೊಳವೆ, ತೋಳು ಎರಡು ಕೊಳವೆ, ಕಂಕುಳಲ್ಲಿ ಮೂರನ್ನೂ ಒಂದೇ ಕಡ್ಡಿಗೆ ಸೇರಿಸಿ ಕುತ್ತಿಗೆಗೆ ಹೋಗುತ್ತಾ ಕುಣಿಕೆ ಕಮ್ಮಿ ಮಾಡುವುದು. ಚಿತ್ತಾರ ಹೆಚ್ಚಾಗಿ ಭುಜದ ಸುತ್ತ, ಹಾರದ ಹಾಗೆ. ಹೊಲಿಯುವ ಕೆಲಸ ಇಲ್ಲವೇ ಇಲ್ಲ ಅನ್ನಬಹುದು. ಇದೂ ಪುರಾತನವಲ್ಲ, ಕಳೆದ ಶತಮಾನದ ನಡುಭಾಗದಲ್ಲಿ ಹುಟ್ಟಿದ್ದು. ನನಗಿಂತ ಸ್ವಲ್ಪ ದೊಡ್ಡದು ಇರಬಹುದು ಅಷ್ಟೇ.

ಪ್ರಶ್ನೆ: ಗದಗದವಳು, ಈಗ ವ್ಯಾಂಕೂವರಿನಲ್ಲಿದ್ದೇನೆ. ಇಲ್ಲಿ ಕೌವಿಚನ್ ಸ್ವೆಟರ್ ಕಂಡು ಮರುಳಾದೆ. ಅದೇ ಥರ ದಪ್ಪಗೆ, ಆದರೆ ನಮ್ಮ ಕಸೂತಿಯ ಗೋಪುರ, ಆನೆ, ತುಳಸಿಕಟ್ಟೆ ಹಾಕಿ ಹೆಣೆದು ಕನ್ನಡ ಸಂಘದ ಹಬ್ಬದಲ್ಲಿ ಮಾರಲಾ? — ಅನುಪಮಾ

ಹೆಣೆಯಿರಿ, ಮಾರಿ. ಆದರೆ ಕೌವಿಚನ್ ಅನ್ನುವ ಹೆಸರು ಹಾಕಬೇಡಿ. ಅದು ವ್ಯಾಂಕೂವರ್ ದ್ವೀಪದ ಕೋಸ್ಟ್ ಸೇಲಿಷ್ ಜನರದು. ಅವರು ಮೊದಲಿನಿಂದ ಕಂಬಳಿ ನೇಯುವವರು. 19ನೇ ಶತಮಾನದಲ್ಲಿ ಯುರೋಪಿನವರಿಂದ ಕಡ್ಡಿ ಹೆಣಿಗೆ ಕಲಿತು, ಕೈಯಲ್ಲಿ ನೂತ ದಪ್ಪ ಎಳೆಯಲ್ಲಿ ತಮ್ಮದೇ ಸ್ವೆಟರ್ ಮಾಡಿಕೊಂಡರು. ಅದರಿಂದ ಮನೆ ನಡೆಸಿದರು. ಮೆಷಿನ್ನಿನ ನಕಲು ಅವರ ಹೊಟ್ಟೆಗೆ ಹೊಡೆದಿದೆ. ಪ್ರಿಂಟು ಮಾಡಿದ ಬಟ್ಟೆಯನ್ನು ಕಸೂತಿ ಅಂತ ಮಾರಿದರೆ ಗದಗದವರಾದ ನಿಮಗೆ ಹೇಗಾಗುತ್ತದೆ? ಕಸೂತಿಗೂ ಜಿಐ, ಅಂದರೆ ಇದು ಇಂಥ ಕಡೆಯದು ಅನ್ನುವ ಸರ್ಕಾರಿ ಗುರುತು ಇರುವುದು ಅದಕ್ಕೇ.

ಈಗ ಗೋಪುರ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯ ಅಂತ ನಾಲ್ಕು ಹೊಲಿಗೆ ನಿಮಗೆ ಗೊತ್ತೇ ಇದೆ. ಗವಂತಿ, ಮುರ್ಗಿ ಬರೀ ಗೆರೆ. ಸ್ವೆಟರಿನ ಕುಣಿಕೆ ಗೆರೆ ಎಳೆಯಲ್ಲ, ಚೌಕ ತುಂಬುತ್ತದೆ. ಅವನ್ನು ಹೆಣೆಯಲು ಹೋದರೆ ಆನೆಯ ಸೊಂಡಿಲು ಮುರಿದ ಮೆಟ್ಟಿಲ ಹಾಗೆ ಕಾಣುತ್ತದೆ, ನಾನು ಮಾಡಿ ನೋಡಿದ್ದೇನೆ. ಮೆಂತ್ಯ ಮಾತ್ರ ಕ್ರಾಸ್ ಸ್ಟಿಚ್ ಜಾತಿಯದು, ಒಂದು ಚೌಕಕ್ಕೆ ಒಂದು ಕುಣಿಕೆ ಅಂತ ನೇರ ಇಳಿಸಬಹುದು. ನೇಗಿಯೂ ಒಗ್ಗುತ್ತದೆ, ಅದು ನೋಡಲಿಕ್ಕೇ ನೇಯ್ದ ಹಾಗಿರುತ್ತದೆ.

ಇನ್ನೊಂದು ತೊಡಕು. ಕುಣಿಕೆ ಅಗಲ ಜಾಸ್ತಿ, ಎತ್ತರ ಕಮ್ಮಿ. 10 ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು ಬರುತ್ತದೆ ಅನ್ನಿ. ಗ್ರಾಫ್ ಹಾಳೆಯಲ್ಲಿ 30 ಚೌಕ ಅಗಲ, 30 ಚೌಕ ಎತ್ತರದ ಗೋಪುರ ಬರೆದರೆ ಸ್ವೆಟರಿನಲ್ಲಿ ಅಗಲ 13.6 ಸೆಂಟಿಮೀಟರ್, ಎತ್ತರ ಬರೀ 10. ಗೋಪುರ ಹೋಗಿ ಮಂಟಪ ಆಯಿತು! ಪ್ರತಿ ಮೂರನೇ ಸಾಲನ್ನು ಎರಡೆರಡು ಸಲ ಹೆಣೆಯಿರಿ, 40 ಸಾಲಾಗಿ ಎತ್ತರ ಸರಿಹೋಗುತ್ತದೆ. ಎರಡು ಬಣ್ಣದ ಹೆಣಿಗೆಯಲ್ಲಿ ಕುಣಿಕೆ ಹೆಚ್ಚುಕಮ್ಮಿ ಚೌಕಕ್ಕೇ ಬರುವುದರಿಂದ ಅಷ್ಟು ಕಷ್ಟ ಇರಲ್ಲ. ಆದರೂ ಅಳೆದು ನೋಡಿ.

ಸ್ವೆಟರಿಗೆ ಮುಂಚೆ ಒಂದು ಟೋಪಿ ಮಾಡಿ. 96 ಕುಣಿಕೆ ಹಾಕಿ, 12 ಕುಣಿಕೆಯ ತುಳಸಿಕಟ್ಟೆ ಸುತ್ತಲೂ ಎಂಟು ಸಲ ಬರುತ್ತದೆ. ಚಂದ್ರಕಾಳಿ ಸೀರೆಯ ಕಪ್ಪು ನೆಲ, ಮೇಲೆ ಬಿಳಿ, ಒಂದೆರಡು ಸಾಲಿಗೆ ಕೆಂಪು. ಫೋಟೊ ಕಳಿಸಿ, ಸಂಪಾದಕರನ್ನು ಕೇಳಿ ಇಲ್ಲೇ ಹಾಕಿಸುತ್ತೇನೆ.